ಬೆನ್ನಿನ ಕಡೆಯಿಂದ ಒಂದು ಸುತ್ತು

ಅನಿಮೇಷನ್ ಕಲಿಯಬೇಕೆಂದು ನನ್ನ ಮನೆಗೆ ಬರುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ಅಡುಗೆ ಕಲಿಯಲು ಬಂದವರು ಯಾವ ಕಂಪನಿಯ ಒಲೆ ಕೊಳ್ಳಲಿ ಎಂದು ಕೇಳಿದ ಹಾಗೆ. ನಾನು ಉತ್ತರ ಕೊಡುವುದಿಲ್ಲ. ಒಂದು ಬೊಂಬೆಯನ್ನು ನಡುವೆ ನಿಲ್ಲಿಸಿ, ಅದರ ಸುತ್ತ ಕ್ಯಾಮೆರಾವನ್ನು ಎಲ್ಲೂ ಎಡವದ ಹಾಗೆ ಒಂದು ಸುತ್ತು ಹಾಕಿಸಿಕೊಂಡು ಬನ್ನಿ ಎನ್ನುತ್ತೇನೆ. ಇಷ್ಟೇನಾ ಮೇಡಂ ಎಂದು ನಗುತ್ತಾ ಹೋಗುತ್ತಾರೆ. ವಾಪಸ್ ಬರುವಾಗ ಆ ನಗು ಇರುವುದಿಲ್ಲ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ಕೈಯಲ್ಲೇ ಚಿತ್ರ ಬರೆದು ಅನಿಮೇಷನ್ ಮಾಡುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋ ಸೇರಿದೆ. ಕಂಪ್ಯೂಟರ್ ಬಂದ ಮೇಲೆ ಮತ್ತೆ ಅಆಇಈಯಿಂದ ಕಲಿತೆ. ಮದುವೆಯಾಗಿ ಚನ್ನಗಿರಿಗೆ ಬಂದಾಗ, ಅಲ್ಲಿ ಕೆರೆಬಿಳಚಿಯ ಮಂಜುನಾಥ ಎನ್ನುವವರು ಬಟ್ಟೆ ಅಂಗಡಿಯ ಮಹಡಿಯಲ್ಲಿ ಸಣ್ಣದೊಂದು ಸ್ಟುಡಿಯೋ ತೆರೆದಿದ್ದರು. ಮಕ್ಕಳ ಪಾಠದ ವಿಡಿಯೋ, ಮದುವೆ ಕರೆಯೋಲೆಯ ವಿಡಿಯೋ, ದೊಡ್ಡ ಸ್ಟುಡಿಯೋಗಳು ಹೊರಗೆ ಕೊಡುವ ಚಿಲ್ಲರೆ ಕೆಲಸ, ಹೀಗೆ ಬಂದದ್ದನ್ನೆಲ್ಲ ಮಾಡುತ್ತಿದ್ದೆವು. ನಿವೃತ್ತಿಯಾಗುವವರೆಗೂ ನಾನು ಅಲ್ಲೇ ಇದ್ದೆ. ನಮ್ಮಲ್ಲಿ ಬಡ್ತಿ ಎಂದರೆ ಫ್ಯಾನಿನ ಕೆಳಗಿನ ಕುರ್ಚಿ. ಅದು ನನಗೆ ಬೇಗನೇ ಸಿಕ್ಕಿತು. ಆ ವಿಷಯ ಇಲ್ಲಿಗೆ ಮುಗಿಯಿತು.

ಕೈಯಲ್ಲಿ ಬರೆಯುವಾಗ ಸುತ್ತು ಎಂದರೆ ಎಲ್ಲರೂ ಕೈಮುಗಿಯುತ್ತಿದ್ದರು. ಬೊಂಬೆಯ ಎದುರು, ಓರೆ, ಪಕ್ಕ, ಬೆನ್ನು ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬರೆಯಬೇಕು. ಮೂಗು ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ಹೋಗುವಷ್ಟರಲ್ಲಿ ಉದ್ದವಾಗಿರುತ್ತಿತ್ತು. ಕಂಪ್ಯೂಟರ್ ಬಂದಾಗ ಈ ಕಾಟ ತಪ್ಪಿತೆಂದು ಕುಣಿದಾಡಿದೆ. ಬೊಂಬೆಯ ನಾಲ್ಕು ದಿಕ್ಕಿನಲ್ಲೂ ಕ್ಯಾಮೆರಾ ಇಟ್ಟು, ನಾಲ್ಕು ಕಡೆಯೂ ಅದರ ಜಾಗವನ್ನು ಗುರುತು ಮಾಡಿದೆ. ಅದಕ್ಕೆ ನಾವು ಕೀ ಹಾಕುವುದು ಎನ್ನುತ್ತೇವೆ. ನಡುವಿನ ದಾರಿಯನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ತುಂಬಿಕೊಂಡಿತು ನಿಜ, ಆದರೆ ಒಂದು ಗುರುತಿನಿಂದ ಇನ್ನೊಂದಕ್ಕೆ ನೇರವಾಗಿ ಹೋಯಿತು. ಕ್ಯಾಮೆರಾ ಸುತ್ತುವ ಬದಲು ಚೌಕಾಕಾರದಲ್ಲಿ ಓಡಾಡಿತು. ಮೂಲೆ ಬಂದಾಗ ದೂರ, ನಡುವೆ ಬಂದಾಗ ಮೂಗಿಗೆ ಹತ್ತಿರ.

ಬೆಂಗಳೂರಿನ ಸ್ಟುಡಿಯೋದ ನಮ್ಮ ವಿಭಾಗದ ಮುಖ್ಯಸ್ಥರು ಸಿಟ್ಟಿನ ಮನುಷ್ಯ. ಕೀ ಕಡಿಮೆಯಾಗಿದೆ, ಇನ್ನಷ್ಟು ಹಾಕು ಎಂದರು. ಹಾಕಿದೆ. ಹಾಕಿದಷ್ಟೂ ಕುಲುಕಾಟ ಹೆಚ್ಚಾಯಿತು. ಎತ್ತಿನ ಗಾಡಿಯಲ್ಲಿ ಕೂತು ಚಿತ್ರ ತೆಗೆದ ಹಾಗಿದೆ ಎಂದು ಎಲ್ಲರೆದುರು ಬೈದರು. ಬೈದದ್ದೇ ಒಳ್ಳೆಯದಾಯಿತು. ಎತ್ತು ಎಂದ ಕೂಡಲೇ ನನಗೆ ಸೊಕ್ಕೆಯ ನಮ್ಮ ಕಣ ನೆನಪಾಯಿತು.

ಕಣದ ನಡುವೆ ಒಂದು ಮರದ ಕಂಬ ನೆಟ್ಟಿರುತ್ತಾರೆ. ಅದಕ್ಕೆ ಮೇಟಿ ಎನ್ನುತ್ತಾರೆ. ಎತ್ತುಗಳನ್ನು ಹಗ್ಗದಲ್ಲಿ ಮೇಟಿಗೆ ಕಟ್ಟಿ, ತೆನೆಯ ಮೇಲೆ ಸುತ್ತಿಸುತ್ತಾರೆ. ಎತ್ತಿಗೆ ಯಾರೂ ಇಲ್ಲಿ ಕಾಲಿಡು, ಅಲ್ಲಿ ಕಾಲಿಡು ಎಂದು ಗುರುತು ಮಾಡಿಕೊಡುವುದಿಲ್ಲ. ಹಗ್ಗ ಇರುವಷ್ಟು ದೂರ, ಮೇಟಿ ಇರುವ ಕಡೆ ನಡು. ಸಾಫ್ಟ್‌ವೇರ್‌ನಲ್ಲಿ ಕಣ್ಣಿಗೆ ಬೀಳದ ಒಂದು ಖಾಲಿ ವಸ್ತು ಸಿಗುತ್ತದೆ. ಚಿತ್ರದಲ್ಲಿ ಅದು ಕಾಣುವುದಿಲ್ಲ. ಅದನ್ನು ಬೊಂಬೆಯ ನಡುವಿಗೆ ನೆಟ್ಟು, ಕ್ಯಾಮೆರಾವನ್ನು ಅದಕ್ಕೆ ಕಟ್ಟಿದೆ. ಆಮೇಲೆ ಕ್ಯಾಮೆರಾ ಮುಟ್ಟದೆ ಆ ಖಾಲಿ ವಸ್ತುವನ್ನೇ ತಿರುಗಿಸಿದೆ. ಕ್ಯಾಮೆರಾ ದುಂಡಗೆ, ನುಣ್ಣಗೆ ಒಂದು ಸುತ್ತು ಬಂತು. ಪುಸ್ತಕದಲ್ಲಿ ಈ ವಿದ್ಯೆ ಮೊದಲೇ ಇತ್ತಂತೆ. ಇರಲಿ, ನನಗೆ ಸಿಕ್ಕಿದ್ದು ಕಣದಲ್ಲಿ. ಚನ್ನಗಿರಿಯ ಸ್ಟುಡಿಯೋದಲ್ಲಿ ಇವತ್ತಿಗೂ ಅದನ್ನು ಮೇಟಿ ಎಂದೇ ಕರೆಯುತ್ತಾರೆ.

ಇನ್ನೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಯಂತ್ರ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವ ಸ್ವಭಾವದ್ದು. ಸುತ್ತು ಸತತವಾಗಿ ಸಾಗಬೇಕಾದರೆ ಪರದೆಯ ಮೇಲೆ ವೇಗವನ್ನು ತೋರಿಸುವ ಬಾಗಿದ ಗೆರೆಯನ್ನು ನೀವೇ ನೆಟ್ಟಗೆ ಮಾಡಬೇಕು. ಹಾಗೆಯೇ, ಸುತ್ತಿನ ಮೊದಲ ಚಿತ್ರವೂ ಕೊನೆಯ ಚಿತ್ರವೂ ಒಂದೇ ಆಗಿದ್ದರೆ, ಮರುಸುತ್ತಿನಲ್ಲಿ ಅದೇ ಚಿತ್ರ ಎರಡು ಸಲ ಬಂದು ಕ್ಯಾಮೆರಾ ಚಣ ಮಾತ್ರ ಎಡವುತ್ತದೆ. ಕೊನೆಯದೊಂದನ್ನು ಬಿಟ್ಟುಬಿಡಿ. ಈ ಒಂದು ಚಿತ್ರ ಬಿಡಲು ಮನಸ್ಸಾಗದೆ ಒದ್ದಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಚನ್ನಗಿರಿಗೆ ಬಂದ ಹೊಸದರಲ್ಲಿ ನ್ಯಾಮತಿಯ ಅಡಿಕೆ ವ್ಯಾಪಾರದ ಮನೆತನದವರಿಗೆ ಮದುವೆ ಕರೆಯೋಲೆಯ ವಿಡಿಯೋ ಮಾಡಿದೆವು. ಹುಡುಗ ಹುಡುಗಿ ನಿಂತಿರುತ್ತಾರೆ, ಕ್ಯಾಮೆರಾ ಸುತ್ತು ಬರುತ್ತದೆ. ನಾನು ಪೂರ್ತಿ ಸುತ್ತಿನ ಅಂಕಿ ಒತ್ತಿದೆ, ಚೆನ್ನಾಗಿ ತಿರುಗಿತು, ತೋರಿಸಿದೆ. ಎಲ್ಲರೂ ತಲೆದೂಗುತ್ತಿರುವಾಗ ಹುಡುಗಿಯ ಅಜ್ಜ ಎದ್ದು ನಿಂತರು.

"ಏನ್ರೀ ಇದು? ಯಾರು ಸತ್ತಾರೆ ಅಂತ ಎಡಸುತ್ತು ಹಾಕ್ಸೀರಿ?"

ನಾವು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಬರಿಯ ಅಂಕಿ ಒತ್ತಿದರೆ ಮೇಟಿ ಗಡಿಯಾರದ ಮುಳ್ಳಿನ ವಿರುದ್ಧ ತಿರುಗುತ್ತದೆ. ಅದನ್ನು ಮಾಡಿದವರಿಗೆ ಪ್ರದಕ್ಷಿಣೆಯ ಗೊಡವೆ ಎಲ್ಲಿಂದ ಬರಬೇಕು? ಮಂಜುನಾಥರು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಅಂಕಿಯ ಎಡಕ್ಕೆ ಒಂದು ಮೈನಸ್ ಗೆರೆ ಎಳೆದೆ. ಕ್ಯಾಮೆರಾ ಬಲಸುತ್ತು ಹೊರಟಿತು, ಅಜ್ಜ ಕೂತರು. ಅಂದಿನಿಂದ ನನ್ನ ಕೈಯಿಂದ ಎಡಸುತ್ತು ಬಂದಿಲ್ಲ. ಬಲಸುತ್ತಿನಲ್ಲಿ ಬೊಂಬೆಯ ಬಲಗೈ ಮೊದಲು ಕಾಣುತ್ತದೆ, ಆಮೇಲೆ ಬಲಭುಜದ ಹಿಂಭಾಗ, ಬೆನ್ನು, ಎಡಭುಜ, ಕೊನೆಗೆ ಎಡಗೈ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ನಿವೃತ್ತಿಯಾಗುವ ವರ್ಷ ಹೊನ್ನಾಳಿಯ ಒಂದು ಗರಡಿ ಮನೆಯ ಪೈಲ್ವಾನರು ಬಂದರು. ದುರಸ್ತಿಯಾದ ಗರಡಿ ಮನೆಯನ್ನು ಮತ್ತೆ ತೆರೆಯುವ ದಿನ, ತಮ್ಮ ಉಸ್ತಾದ್ ಹಾಲಪ್ಪನವರು ಪ್ರಾಯದಲ್ಲಿ ಅಖಾಡದಲ್ಲಿ ನಿಂತಿದ್ದ ಹಾಗೆ ಬೊಂಬೆ ಮಾಡಿ, ಸುತ್ತ ಕ್ಯಾಮೆರಾ ತಿರುಗಿಸಿ, ದೊಡ್ಡ ಪರದೆಯ ಮೇಲೆ ತೋರಿಸಬೇಕಂತೆ.

"ನಮ್ ಉಸ್ತಾದ್ರು ಒಂದು ಕುಸ್ತೀನೂ ಸೋತೋರಲ್ಲ ರೀ. ಎಲ್ಲಾ ಕಡೆಯಿಂದ ಕಾಣ್ಬೇಕು," ಎಂದರು.

ಉಸ್ತಾದರು ಅಳತೆಗೂ ಫೋಟೋಕ್ಕೂ ಸ್ಟುಡಿಯೋಗೆ ಬಂದರು. ಮುದುಕರಾಗಿದ್ದರೂ ಬಾಗಿಲು ತುಂಬುವ ಆಳು. ಹೆಗಲ ಮೇಲೆ ಟವೆಲ್ ನಮ್ಮ ಕಡೆ ಎಲ್ಲರೂ ಹಾಕುತ್ತಾರೆ. ಇವರು ಅದನ್ನು ಬಿಡಿಸಿ, ಬೆನ್ನು ಪೂರ್ತಿ ಮುಚ್ಚುವ ಹಾಗೆ ಹೊದ್ದಿದ್ದರು, ಅದೂ ಕಡುಬೇಸಿಗೆಯಲ್ಲಿ. ಬೊಂಬೆಗಳಿಗೆ ಮೈಬಣ್ಣ ಬರೆಯುವ ನನ್ನ ಸಹೋದ್ಯೋಗಿ ಶಬಾನಾ, ಬೆನ್ನಿನದೊಂದು ಫೋಟೋ ಬೇಕು ಎಂದಳು.

"ಬೆನ್ನ್ಯಾಕವ್ವಾ? ಎದುರಿಂದ ತಗೋ, ಸಾಕು," ಎಂದು ಉಸ್ತಾದರು ಎದ್ದೇಬಿಟ್ಟರು. ಅವರ ಪ್ರಾಯದ ಕಾಲದ ಫೋಟೋಗಳೂ ಎಲ್ಲ ಎದುರಿನವೇ.

ಸರಿ, ಬೊಂಬೆ ಮಾಡಿದೆವು. ಕುಸ್ತಿಯಲ್ಲಿ ನಿಂತವನು ಮುಂದಕ್ಕೆ ಬಾಗಿರುತ್ತಾನೆ. ಮೇಟಿಯನ್ನು ಪಾದಗಳ ನಡುವೆ ನೆಟ್ಟರೆ, ಎದುರಿನಿಂದ ನೋಡುವಾಗ ತಲೆ ಕ್ಯಾಮೆರಾಕ್ಕೆ ಬಂದು ಬಡಿಯುತ್ತದೆ, ಹಿಂದೆ ಹೋದಾಗ ದೂರ ಸರಿಯುತ್ತದೆ. ಮೈಯ ಭಾರ ಎಲ್ಲಿ ಕೂತಿದೆಯೋ ಅಲ್ಲಿ, ಹೊಕ್ಕುಳಿನ ಎತ್ತರಕ್ಕೆ ನೆಟ್ಟೆ. ನನ್ನ ಕೈಯಿಂದ ಬಂದ ಸುತ್ತುಗಳಲ್ಲಿ ಅದೇ ಅತ್ಯುತ್ತಮವಾದದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲ ಸಲ ತೋರಿಸುವಾಗ ಉಸ್ತಾದರು ಮುಂದಿನ ಕುರ್ಚಿಯಲ್ಲಿದ್ದರು, ಶಿಷ್ಯರು ಹಿಂದೆ. ಎದುರಿನ ಮುಖ ಬಂದಾಗ ಉಸ್ತಾದರ ಮೀಸೆ ಅರಳಿತು. ಬಲಗೈ ಬಂದಾಗ ಶಿಷ್ಯರು ಸಿಳ್ಳೆ ಹಾಕಿದರು. ಬೆನ್ನು ಬಂತು. ಸಿಳ್ಳೆ ನಿಂತಿತು. ಶಬಾನಾ ಹೆಗಲಿನಿಂದ ಸೊಂಟದವರೆಗೆ ಅಖಾಡದ ಕೆಮ್ಮಣ್ಣನ್ನು ಎಷ್ಟು ಚೆನ್ನಾಗಿ ಮೆತ್ತಿದ್ದಳೆಂದರೆ, ಕೈಯಿಂದ ಉದುರಿಸಬೇಕು ಎನ್ನಿಸುತ್ತಿತ್ತು.

ಉಸ್ತಾದರು ಎದ್ದರು. ಟವೆಲ್ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು.

"ಕುಸ್ತೀಲಿ ಬೆನ್ನಿಗೆ ಮಣ್ಣು ಹತ್ತಿದ್ರೆ ಚಿತ್ ಆದಂಗೆ ಅಲ್ಲೇನ್ರೀ?" ಎಂದು ಹಿರಿಯ ಶಿಷ್ಯನೊಬ್ಬ ಕೂಗಾಡಿದ. "ಎರಡೂ ಭುಜ ಮಣ್ಣು ಮುಟ್ಟಿದ್ರೆ ಸೋತಂಗೆ. ನೀವು ಬೆನ್ನಿಗೆಲ್ಲಾ ಮೆತ್ತೀರಿ! ಉಸ್ತಾದ್ರನ್ನ ಯಾರೂ ಕೆಡವಲಿಲ್ಲ, ನೀವು ಕೆಡವಿದ್ರಲ್ಲ!"

ಶಬಾನಾಳ ಕಣ್ಣು ತುಂಬಿತ್ತು. "ಅಕ್ಕಾ, ಗರಡಿ ಮನ್ಯಾಗೆ ತಾಲೀಮು ಮಾಡೋರ ಫೋಟೋ ನೋಡೇ ಬರ್ದಿದ್ದು. ಎಲ್ಲಾರ ಬೆನ್ನಾಗೂ ಮಣ್ಣೈತೆ," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಾಲೀಮಿನ ಮಣ್ಣು ಬೇರೆ, ಸೋಲಿನ ಮಣ್ಣು ಬೇರೆ ಎಂದು ನಮಗೆ ಹೊಳೆದಿರಲಿಲ್ಲ, ಅಷ್ಟೆ. ಗರಡಿ ಮನೆಗಳ ನಡುವೆಯೇ ಬೆಳೆದ ಮಂಜುನಾಥರಿಗೂ ಹೊಳೆದಿರಲಿಲ್ಲ. ಆದರೂ ಅವರು ಶಬಾನಾಳ ಮೇಲೆ ಹರಿಹಾಯ್ದರು. ಯಜಮಾನರ ಲಕ್ಷಣವೇ ಅದು.

ಮಣ್ಣು ಅಳಿಸಲು ಎಷ್ಟು ಹೊತ್ತು? ಅಳಿಸಿ, ಬೆನ್ನನ್ನು ಸ್ವಚ್ಛ ಮಾಡಿ ಫೋನ್ ಮಾಡಿಸಿದೆವು. ಉಸ್ತಾದರಿಂದ ಬಂದ ಉತ್ತರ ಒಂದೇ: ಬೆನ್ನೇ ಬೇಡ. ಇಲ್ಲದಿದ್ದರೆ ಚಿತ್ರವೇ ಬೇಡ.

"ಹಂಗಾದ್ರೆ ಎದುರಿಂದ ಬಲಕ್ಕೆ ಹೋಗಿ ವಾಪಸ್ ಬಂದ್ಬಿಡ್ಲಿ ಅಕ್ಕ. ಯಾರಿಗೇನು ಗೊತ್ತಾಗ್ತೈತೆ?" ಎಂದರು ಮಂಜುನಾಥ.

"ನಾನು ಒಪ್ಕೊಂಡಿದ್ದು ಸುತ್ತು ಹಾಕ್ಸಾಕೆ, ಉಯ್ಯಾಲೆ ತೂಗಾಕಲ್ಲ," ಎಂದೆ. ನನಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಮಣ್ಣಿನ ಬೆನ್ನು ಬೇಡ ಎಂದರೆ ಅರ್ಥವಾಗುತ್ತದೆ. ಸ್ವಚ್ಛವಾದ ಬೆನ್ನನ್ನೂ ಬೇಡ ಎನ್ನುವುದು ಯಾಕೆ? ಶಬಾನಾಳನ್ನು ಕರೆದುಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ.

ಉಸ್ತಾದರು ಪಡಸಾಲೆಯಲ್ಲಿ ಕೂತಿದ್ದರು. ಬನ್ನಿ ಎಂದರು. ಅವರ ಹೆಂಡತಿ ಗೌರಮ್ಮನವರು ನಮ್ಮನ್ನು ಅಡುಗೆಮನೆಗೆ ಕರೆದು, ಮಣೆ ಹಾಕಿ, ಒಗ್ಗರಣೆ ಮಂಡಕ್ಕಿ ಕೊಟ್ಟರು. ಸಣ್ಣಗಿನ, ಚುರುಕು ನಾಲಿಗೆಯ ಹೆಂಗಸು. ನನ್ನ ತವರು ಸೊಕ್ಕೆ ಎಂದು ತಿಳಿದ ಕೂಡಲೇ ಅವರ ಕೈ ನಿಂತಿತು.

"ಜಗಳೂರು ಕಡೆಯೋಳೇನವ್ವಾ? ಇವ್ರು ಕಡೇ ಕುಸ್ತಿ ಆಡಿದ್ದು ಅಲ್ಲೇ. ಆಮೇಲೆ ಆ ಕಡೆ ಹೋಗಿಲ್ಲ, ಕುಸ್ತೀನೂ ಆಡಿಲ್ಲ. ಹುಡುಗ್ರಿಗೆ ಕಲಿಸ್ಕೊಂಡೇ ಉಳುದ್ರು."

"ಯಾಕ್ರೀ? ಏನಾತು ಅಲ್ಲಿ?"

"ಬಿದ್ರಂತೆ. ರೆಫ್ರಿ ಚಿತ್ ಅಂದ. ನಮ್ಮೋರು ಇಲ್ಲ ಅಂದ್ರು. ಹೊಡೆದಾಟ ಆಗಿ ಕುಸ್ತೀನೇ ನಿಲ್ಸಿದ್ರಂತೆ. ಇವ್ರು ಅಂಗಿ ಹಾಕ್ಕೊಂಡು ಸೀದಾ ಮನಿಗೆ ಬಂದ್ರು. ಅದರ ಮಾತು ಮನ್ಯಾಗೆ ಎತ್ತಂಗಿಲ್ಲ. ಈಗಿನ ಹುಡುಗ್ರಿಗೆ ಇದೆಲ್ಲಾ ಗೊತ್ತೇ ಇಲ್ಲ, ಸೋತೇ ಇಲ್ಲ ಅಂತ ಕುಣಿತಾವೆ."

ಶಬಾನಾ ಬಣ್ಣ ಬರೆಯುವವಳು. ಯಾರ ಗೆಲುವು, ಯಾರ ಸೋಲು ಎನ್ನುವುದರಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ. ಅವಳು ಕೇಳಿದ್ದು ತನ್ನ ಕೆಲಸದ ಪ್ರಶ್ನೆ.

"ಅವತ್ತು ಬೆನ್ನು ಹೆಂಗಿತ್ತು ಅಂತ ನೀವು ನೋಡಿದ್ರಾ, ಅಮ್ಮಾ?"

"ನೋಡದೆ ಏನು? ಬಿಸಿನೀರು ಹಾಕಿ ತಿಕ್ಕಿದೋಳು ನಾನೇ. ಬಲಗಡೆ ಭುಜದ ರೆಕ್ಕೆ ತುಂಬಾ ಮಣ್ಣು, ಮೆತ್ಕೊಂಡ್ಬಿಟ್ಟಿತ್ತು. ಅಂಗಿಗೂ ಬಲಗಡೆ ಮಾತ್ರ ಹತ್ತಿತ್ತು. ಎಡಗಡೆ ಒಂದು ಹರಳು ಇರ್ಲಿಲ್ಲ ಕಣವ್ವಾ. ನಾನು ಬೆಳಿಗ್ಗೆ ಹಚ್ಚಿದ ಎಣ್ಣೆ ಹಂಗೇ ಮಿಂಚ್ತಿತ್ತು."

ನಾನು ಮಂಡಕ್ಕಿ ತಟ್ಟೆ ಕೆಳಗಿಟ್ಟೆ. ಆ ಶಿಷ್ಯ ಕೂಗಾಡಿದ ಮಾತು ನನ್ನ ಕಿವಿಯಲ್ಲಿತ್ತು. "ಎರಡೂ ಭುಜ ಮುಟ್ಟಿದ್ರೆ ತಾನೇ ಚಿತ್?" ಎಂದೆ.

"ಏನಂದೆ?"

ಕೇಳಿದವರು ಗೌರಮ್ಮನವರಲ್ಲ. ಉಸ್ತಾದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು.

"ಎಡಗಡೆ ಹೆಂಗಿತ್ತು ಅಂದೆ?"

"ಸ್ವಚ್ಛ ಇತ್ತು ಅಂದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವ್ಯಾವತ್ತು ಕೇಳಿದ್ರಿ?" ಗೌರಮ್ಮನವರ ಧ್ವನಿ ಏರಿತು. "ಆ ಮಾತು ಎತ್ತಿದ್ರೆ ಎದ್ದು ಹೋಗ್ತಿದ್ರಿ. ನಿಮ್ಮ ಬೆನ್ನು, ನಿಮಗೆ ಗೊತ್ತಿರ್ತೈತೆ ಅನ್ಕೊಂಡೆ."

"ನನ್ನ ಬೆನ್ನು ನನಗೆಲ್ಲಿ ಕಾಣ್ತೈತೆ, ಗೌರೀ?"

ಅಷ್ಟು ದೊಡ್ಡ ಆಳು ಹೊಸ್ತಿಲ ಮೇಲೆ ಕೂತುಬಿಟ್ಟರು. ಬಿದ್ದ ಹೊತ್ತಿನಲ್ಲಿ ಎಡಭುಜ ಮುಟ್ಟಿತೋ ಇಲ್ಲವೋ ಅವರಿಗೆ ತಿಳಿದಿರಲಿಲ್ಲ. ಮೈ ಉರಿಯುತ್ತಿತ್ತಂತೆ, ಯಾವುದು ಎಲ್ಲಿ ತಗುಲಿತು ಎಂಬ ಅರಿವಿರಲಿಲ್ಲವಂತೆ. ರೆಫ್ರಿಯನ್ನು ನಂಬಲಾರದೆ, ತಮ್ಮವರನ್ನೂ ನಂಬಲಾರದೆ, ತಾವು ಸೋತವರೋ ಅಲ್ಲವೋ ಎಂದು ಗೊತ್ತಿಲ್ಲದೆಯೇ ಮುದುಕರಾಗಿದ್ದರು. ಸೋತೇ ಇಲ್ಲ ಎಂದು ಶಿಷ್ಯರು ಹೊಗಳುತ್ತಿದ್ದರೂ ಅವರು ಬೆನ್ನಿನ ಮೇಲೆ ಟವೆಲ್ ಹೊದ್ದೇ ಇರುತ್ತಿದ್ದುದು ಅದಕ್ಕೇ. ನನಗೆ ಅಳು ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಶಬಾನಾಳಂತೂ ಜೋರಾಗಿಯೇ ಅತ್ತಳು.

ಉಸ್ತಾದರು ನನ್ನ ಕಡೆ ತಿರುಗಿದರು. "ತಂಗೀ, ಆ ಮಣ್ಣು ಅಳಿಸಿಬಿಟ್ರಾ?"

"ಹೌದ್ರೀ, ಪೂರ್ತಿ."

"ಬಲಗಡೆ ಮತ್ತೆ ಹಚ್ರಿ. ಇವಳು ಹೇಳ್ದಂಗೆ. ಸುತ್ತೂ ಪೂರ್ತಿ ಇರ್ಲಿ."

ಗೌರಮ್ಮನವರು ಚನ್ನಗಿರಿಗೆ ಬಂದು ಶಬಾನಾಳ ಪಕ್ಕ ಕೂತು ಮಣ್ಣು ಹಚ್ಚಿಸಿದರು. ಅಷ್ಟು ಕೆಳಗಲ್ಲ, ಇನ್ನೊಂಚೂರು ಮೇಲೆ, ಅಲ್ಲಿ ಒದ್ದೆ ಇತ್ತು, ಇಲ್ಲಿ ಒಣಗಿತ್ತು ಎನ್ನುತ್ತಾ. ಶಬಾನಾ ತನ್ನ ವೃತ್ತಿಯಲ್ಲಿ ಅಷ್ಟು ಕಟ್ಟುನಿಟ್ಟಿನ ಮೇಲಧಿಕಾರಿಯನ್ನು ಕಂಡಿರಲಿಲ್ಲವಂತೆ. ಎಡಗಡೆಯ ಎಣ್ಣೆ ಮಿಂಚನ್ನು ಅವಳು ಬರೆದ ರೀತಿಗೆ ನಾನು ಈಗಲೂ ತಲೆಬಾಗುತ್ತೇನೆ.

ಆಗ ಮಂಜುನಾಥರಿಗೆ ಉತ್ಸಾಹ ಉಕ್ಕಿತು. ಬೆನ್ನಿನ ಹತ್ತಿರ ಕ್ಯಾಮೆರಾ ಮೆಲ್ಲಗಾಗಲಿ, ಎಡಭುಜದ ಮೇಲೆ ಚಣ ನಿಲ್ಲಲಿ ಅಕ್ಕ, ಜನಕ್ಕೆ ಗೊತ್ತಾಗಬೇಕಲ್ಲ ಎಂದರು. ನಾನು ಖಂಡಿತ ಆಗದು ಎಂದೆ. ನಿಂತರೆ ವಕಾಲತ್ತು ಮಾಡಿದ ಹಾಗಾಗುತ್ತದೆ. ಎದೆಯ ಮುಂದೆ ಯಾವ ವೇಗವೋ ಬೆನ್ನ ಹಿಂದೆಯೂ ಅದೇ ವೇಗ. ಎಲ್ಲ ಕಡೆ ಒಂದೇ ನಡೆಯಲ್ಲಿ ಸಾಗಿದರೆ ಮಾತ್ರ ನೋಡುವವನು ಕ್ಯಾಮೆರಾವನ್ನು ನಂಬುತ್ತಾನೆ. ಈ ವೃತ್ತಿಗೆ ಬರುವವರಿಗೆ ನಾನು ಒಂದೇ ಒಂದು ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಗರಡಿ ಮನೆ ತೆರೆದ ದಿನ ಸಂಜೆ ಅಂಗಳದಲ್ಲಿ ಪರದೆ ಕಟ್ಟಿದ್ದರು. ಚಿತ್ರಕ್ಕೆ ಮೊದಲು ಉಸ್ತಾದರು ಎದ್ದು ನಿಂತು, ಜಗಳೂರಿನ ಕುಸ್ತಿಯ ಸಂಗತಿಯನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಶಿಷ್ಯರು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಅವರು ಗೌರಮ್ಮನವರ ಪಕ್ಕ ಕೂತು, "ಹಾಕ್ರಿ ತಂಗೀ" ಎಂದರು.

ಕ್ಯಾಮೆರಾ ಬಲಸುತ್ತು ಹೊರಟಿತು. ಎದುರು ಬಂತು, ಬಲಗೈ ಬಂತು. ಬಲಭುಜದ ಮಣ್ಣು ಕಂಡಾಗ ಯಾರೋ ಅಯ್ಯೋ ಎಂದರು. ಕ್ಯಾಮೆರಾ ಬೆನ್ನುಮೂಳೆ ದಾಟಿತು. ಎಡಭುಜ ಬಂತು, ಎಣ್ಣೆ ಮಿಂಚಿತು. ಆ ಅಂಗಳದಲ್ಲಿ ಎದ್ದ ಕೂಗು ನನ್ನ ಜೀವಮಾನದಲ್ಲಿ ನನ್ನ ಕೆಲಸಕ್ಕೆ ಸಿಕ್ಕಿದ ಅತಿ ದೊಡ್ಡ ಸಂಬಳ. ಒಂದು ಸುತ್ತು ಮುಗಿದು, ಎಲ್ಲೂ ಎಡವದೆ ಇನ್ನೊಂದು ಶುರುವಾಯಿತು. ನಾನು ನಿಲ್ಲಿಸಲು ಹೋದೆ, ಉಸ್ತಾದರು ತಿರುಗದೆಯೇ ಕೈ ಎತ್ತಿ ತಡೆದರು. ಅವರ ಕಣ್ಣು ಪರದೆಯ ಮೇಲಿತ್ತು. ಜಗಳೂರಿನ ಆ ದಿನದ ತಮ್ಮ ಬೆನ್ನನ್ನು ಅವರು ಮೊದಲ ಸಲ ನೋಡುತ್ತಿದ್ದರು.

ಮತ್ತೆ ಎಡಭುಜ ಬಂದಾಗ ಉಸ್ತಾದರು ಬೆನ್ನ ಮೇಲಿನ ಟವೆಲ್ ತೆಗೆದು, ಮಡಚಿ, ಹೆಂಡತಿಯ ಕೈಗೆ ಕೊಟ್ಟರು. ಗೌರಮ್ಮನವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಕೇಳಿದ್ರೆ ಅವತ್ತೇ ಹೇಳ್ತಿದ್ದೆ."